ಎಲ್ಲ ಮುಗಿಸಿ ಕೂರ್ತೀನಿ ಅಂದ್ರೆ ಕೂತ ಹಾಗೇ!

ಕೆಲಸ ಎಲ್ಲ ಮುಗಿಯಲಿ, ಆಮೇಲೆ ಸ್ವಲ್ಪ ಹೊತ್ತು ನನ್ನ ಪಾಡಿಗೆ ನಾನು ಕೂರೋಣ ಅಂತ ನಾನು 30 ವರ್ಷ ಕಾದೆ. ಮನೆಗೆಲಸ ಮುಗಿಯುವ ಜಾತಿಯದೇ ಅಲ್ಲ ಅಂತ ತಿಳಿಯೋಕೆ ಅಷ್ಟು ವರ್ಷ ಬೇಕಾಯ್ತು ನೋಡಿ. ಪಾತ್ರೆ ತೊಳೆದಿಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಸಿಂಕಿನಲ್ಲಿ ಇನ್ನೊಂದು ಲೋಟ ಬಂದು ಕೂತಿರುತ್ತದೆ. ಅದಕ್ಕೇ ಹೇಳುತ್ತೇನೆ, ಕೊನೆಗೆ ಉಳಿಯುವ ಹೊತ್ತನ್ನು ನಂಬಬೇಡಿ, ಕೆಲಸದ ನಡುವೆಯೇ ಎದ್ದು ಬನ್ನಿ.

20 ನಿಮಿಷ ಸಾಕು. ಆದರೆ ದಿನಾ ಅದೇ ಹೊತ್ತಿಗೆ ಇರಲಿ, ಇವತ್ತು ಬೆಳಗ್ಗೆ ನಾಳೆ ರಾತ್ರಿ ಅಂತ ಮಾಡಿದರೆ ಮನೆಯವರಿಗೂ ರೂಢಿಯಾಗಲ್ಲ, ನಿಮಗೂ ಆಗಲ್ಲ. ಇನ್ನೊಂದು ಮಾತು. 'ಸ್ವಲ್ಪ ಕೂರಲಾ?' ಅಂತ ಕೇಳಬೇಡಿ. 'ಐದೂವರೆವರೆಗೆ ನಾನು ಸಿಗಲ್ಲ' ಅಂತ ಹೇಳಿ, ಅಷ್ಟೇ. ಮಕ್ಕಳಿದ್ದರೆ ಗಡಿಯಾರ ತೋರಿಸಿ, ದೊಡ್ಡ ಮುಳ್ಳು ಆರಕ್ಕೆ ಬರೋ ತನಕ ಕರೀಬಾರದು ಅನ್ನಿ. ಮೊದಲ ವಾರ ಪೆನ್ಸಿಲ್ ಮುರೀತು, ಅಣ್ಣ ಹೊಡೆದ ಅಂತ ನಾಲ್ಕು ಸಲ ಬಾಗಿಲು ಬಡಿಯುತ್ತಾರೆ, ಆಮೇಲೆ ಸರಿಹೋಗುತ್ತಾರೆ. ಆದರೆ ಮುಳ್ಳು ಆರಕ್ಕೆ ಬಂದ ಕೂಡಲೇ ನೀವೂ ಹೊರಗೆ ಬರಬೇಕು, ಇಲ್ಲದಿದ್ದರೆ ನಾಳೆ ನಂಬಲ್ಲ. ತೀರಾ ಪುಟ್ಟ ಮಗುವಾದರೆ ಯಾರಾದರೂ ದೊಡ್ಡವರ ಕೈಗೆ ಕೊಟ್ಟೇ ಕೂರಬೇಕು.

ಫೋನ್ ಬೇರೆ ಕೋಣೆಯಲ್ಲಿರಲಿ.

ಇನ್ನು ಕೆಲಸ ಬಿಟ್ಟು ಕೂತೆನಲ್ಲ ಅಂತ ಮನಸ್ಸು ಚುಚ್ಚುತ್ತಲ್ಲ, ಅದರ ಕಥೆ ಕೇಳಿ. ಮೊದಲ ದಿನ ಪುಸ್ತಕ ಹಿಡಿದು ಕೂತೆ. ಪಕ್ಕದ ಕುರ್ಚಿಯಲ್ಲಿ ಒಗೆದು ಒಣಗಿಸಿದ ಬಟ್ಟೆಯ ರಾಶಿ. ಕಣ್ಣು ಪುಟದ ಮೇಲೇ ಇತ್ತು, ಕೈ ಮಾತ್ರ ತನ್ನ ಪಾಡಿಗೆ ಒಂದೊಂದೇ ಟವೆಲ್ ಎಳೆದು ಮಡಚುತ್ತಿತ್ತು! ಮೂರು ಟವೆಲ್ ಆದ ಮೇಲೆ ನನಗೇ ಗೊತ್ತಾಗಿದ್ದು. ಮರುದಿನ ಕುರ್ಚಿ ತಿರುಗಿಸಿ ಕಿಟಕಿ ಕಡೆ ಮುಖ ಮಾಡಿ ಕೂತೆ. ನಗಬೇಡಿ, ಕಣ್ಣಿಗೆ ಕಾಣದ ಕೆಲಸ ಅಷ್ಟು ಕಾಡಲ್ಲ. ಹದಿನೈದು ದಿನ ಹೀಗೇ ಕೂತೆ, ಓದಿದ್ದು ಕಮ್ಮಿ, ಸುಮ್ನೆ ಹೊರಗೆ ನೋಡಿದ್ದೇ ಜಾಸ್ತಿ. ಮನೆಯೇನೂ ಮುಳುಗಲಿಲ್ಲ, ಚುಚ್ಚೋದೂ ತಾನಾಗೇ ಕಮ್ಮಿಯಾಯ್ತು.

ಆ ಬಟ್ಟೆ ರಾಶಿಯನ್ನು ಈಗ ನಮ್ಮನೆಯವರು ಮಡಚುತ್ತಾರೆ. ಅಂಚಿಗೆ ಅಂಚು ಸೇರಲ್ಲ, ತೋಳು ಒಂದು ಕಡೆ ಜೋತು ಬಿದ್ದಿರುತ್ತದೆ. ಮೊದಲೆಲ್ಲ ಬಿಚ್ಚಿ ಮತ್ತೆ ಮಡಚುತ್ತಿದ್ದೆ, ಅವರು ನೊಂದುಕೊಂಡು ಕೈಬಿಟ್ಟುಬಿಡುತ್ತಿದ್ದರು. ಈಗ ಹಾಗೇ ಎತ್ತಿ ಬೀರುವಿನಲ್ಲಿ ಇಡುತ್ತೇನೆ.