ಬ್ಯಾಂಕಾಕಿಗೆ ಹೊರಟ ನಮ್ಮ ಕಡೆಯವರಿಗೆ: ಬಸ್ ಬಿಡಿ, ಬೋಟ್ ಹತ್ತಿ

ಮೊನ್ನೆ ಕುಮಟೆಯಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲೇ ಮೂರು ಜನ ಕೇಳಿದ್ರು, ಬ್ಯಾಂಕಾಕಿಗೆ ಟಿಕೆಟ್ ಮಾಡ್ಸಿದ್ದೇವೆ, ಅಲ್ಲಿ ಹೋಗಿ ಏನೇನು ಮಾಡ್ಬೇಕು ಹೇಳು ಅಂತ. ಪಾಯಸ ಬರೋದ್ರೊಳಗೆ ಹೇಳಿ ಮುಗಿಸೋ ವಿಷಯ ಅಲ್ಲ ಅದು, ಅದಕ್ಕೆ ಇಲ್ಲಿ ಬರೀತಿದ್ದೇನೆ. ನಾನು ಎರಡು ಸಲ ಹೋಗಿ ಬಂದೆ. ಮೊದಲ ಸಲ ಪ್ಯಾಕೇಜ್ ಟೂರು, ದಿನಕ್ಕೆ ಮೂರ್ನಾಲ್ಕು ತಾಸು ಟ್ರಾಫಿಕ್ಕಲ್ಲಿ ನಿಂತ ಬಸ್ಸೊಳಗೆ ಕೂತದ್ದು, ಮತ್ತೆ ಒಂದು ಹರಳಿನ ಅಂಗಡಿಗೆ ಕರ್ಕೊಂಡು ಹೋಗಿ ಹೊರಗೆ ಬಿಡದೇ ಇದ್ದದ್ದು, ಇಷ್ಟೇ ನೆನಪು. ಎರಡನೇ ಸಲ ಆಯಿ, ಶಿರಸಿ ದೊಡ್ಡಪ್ಪ, ಮತ್ತೆ ಮೀನುಗಾರಿಕೆ ಮನೆತನದ ನನ್ನ ಅಂಕೋಲೆ ಗೆಳೆಯ, ನಾಲ್ಕು ಜನ ನಾವೇ ಪ್ಲಾನ್ ಮಾಡಿ ಹೋದ್ವು. ಆಗ ಗೊತ್ತಾಯ್ತು, ಆ ಊರನ್ನ ನೋಡೋ ದಾರಿ ನೀರಿನ ಮೇಲಿದೆ ಅಂತ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ದಾಟಿಕೊಂಡು ಬೆಳೆದ ನಮಗೆ ಅದು ಇನ್ನೂ ಹತ್ತಿರ ಅನ್ನಿಸ್ತದೆ.

ಹೊರಡೋ ಮೊದಲಿನ ಕೆಲಸ ಬೇಗ ಹೇಳಿ ಬಿಡ್ತೇನೆ. ಕರಾವಳಿಯವರು ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಿಗ್ಗೆ ಬೆಂಗಳೂರು, ಶಿರಸಿ ಕಡೆಯವರಿಗೆ ರಾತ್ರಿ ಬಸ್ ಇದ್ದೇ ಇದೆ, ಬೆಂಗಳೂರಿಂದ ಬ್ಯಾಂಕಾಕಿಗೆ ಡೈರೆಕ್ಟ್ ವಿಮಾನ ಸುಮಾರು ನಾಲ್ಕು ತಾಸು. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ತಾಸು ಮುಂದೆ. ವೀಸಾ ನಿಯಮ ಆಗಾಗ ಬದಲಾಗ್ತದೆ, ಟಿಕೆಟ್ ಮಾಡೋ ಮೊದಲು ಸರ್ಕಾರಿ ವೆಬ್‌ಸೈಟಲ್ಲೇ ನೋಡಿಕೊಳ್ಳಿ. 2025ರ ಮೇ 1ರಿಂದ ಟಿಡಿಎಸಿ ಅನ್ನೋ ಡಿಜಿಟಲ್ ಅರೈವಲ್ ಕಾರ್ಡ್ ಶುರುವಾಗಿದೆ, ಹೋಗೋ ಮೂರು ದಿನದ ಒಳಗೆ ಆನ್‌ಲೈನಲ್ಲಿ ತುಂಬಬೇಕು, ಅದು ಪೂರ್ತಿ ಫ್ರೀ, ದುಡ್ಡು ಕೇಳೋ ವೆಬ್‌ಸೈಟ್ ಕಂಡ್ರೆ ಮುಚ್ಚಿ ಬಿಡಿ. ನವೆಂಬರಿಂದ ಫೆಬ್ರವರಿ ಹವೆ ಒಳ್ಳೇದು. ಏಪ್ರಿಲ್ ಅಂದ್ರೆ ಕಾರವಾರದ ಮೇ ತಿಂಗಳ ಸೆಖೆಯೇ, ಆದರೆ ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್ ಇರ್ತದೆ, ಅಂದ್ರೆ ನಮ್ಮ ಸಂಕ್ರಾಂತಿ ಅನ್ನೋ ಶಬ್ದವೇ, ಊರಿಗೆ ಊರೇ ಬೀದಿಯಲ್ಲಿ ನೀರೆರಚಾಡ್ತದೆ, ಮಕ್ಕಳಿದ್ದವರು ಬೇಕಾದ್ರೆ ಅದಕ್ಕೇ ಹೋಗ್ಬಹುದು. ಅಲ್ಲಿಯ ದುಡ್ಡು ಬಾತ್, ಒಂದು ಬಾತ್ ಅಂದ್ರೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಲೆಕ್ಕ ಇಟ್ಕೊಳ್ಳಿ.

ರೂಮ್ ಎಲ್ಲಿ ಮಾಡ್ತೀರಿ ಅನ್ನೋದ್ರಲ್ಲೇ ಅರ್ಧ ಟ್ರಿಪ್ ನಿಂತಿದೆ. ಸಫಾನ್ ತಾಕ್ಸಿನ್ ಅಂತ ಬಿಟಿಎಸ್ ಸ್ಟೇಶನ್ ಇದೆ, ಬಿಟಿಎಸ್ ಅಂದ್ರೆ ಮೇಲ್ಸೇತುವೆ ಮೇಲೆ ಓಡೋ ರೈಲು. ಆ ಸ್ಟೇಶನ್ ಕೆಳಗೇ ಸಾಥೋನ್ ಧಕ್ಕೆ, ಅಲ್ಲಿಂದ ಚಾವೊ ಫ್ರಾಯಾ ನದಿಯ ಬೋಟುಗಳು ಹೊರಡ್ತವೆ. ಇದರ ಸುತ್ತಮುತ್ತ ರೂಮ್ ಮಾಡಿ, ರೈಲೂ ಬೋಟೂ ಎರಡೂ ಕಾಲ್ನಡಿಗೆಯಲ್ಲಿ ಸಿಗ್ತವೆ. ಸುವರ್ಣಭೂಮಿ ಏರ್‌ಪೋರ್ಟಿಂದ (ಹೆಸರೇ ಸುವರ್ಣಭೂಮಿ, ಅವರ ಬಾಯಲ್ಲಿ ಸುವನ್ನಪೂಮ್) ಏರ್‌ಪೋರ್ಟ್ ರೈಲ್ ಲಿಂಕ್ ಹತ್ತಿ ಫಯಾ ಥಾಯ್‌ವರೆಗೆ ಬನ್ನಿ, ಅರ್ಧ ತಾಸಿನ ದಾರಿ, ಅಲ್ಲಿ ಬಿಟಿಎಸ್‌ಗೆ ಬದಲಾಯಿಸಿ, ಸಿಯಾಮ್ ಸ್ಟೇಶನ್ನಲ್ಲಿ ಇನ್ನೊಂದು ಲೈನಿಗೆ ಬದಲಾಯಿಸಿದ್ರೆ ಸೀದಾ ಸಫಾನ್ ತಾಕ್ಸಿನ್. ಸಾಮಾನು ಜಾಸ್ತಿ ಇದ್ರೆ ಗ್ರ್ಯಾಬ್ ಆ್ಯಪಲ್ಲಿ ಕಾರ್ ಮಾಡಿ, ಆದರೆ ಸಂಜೆ ಐದರಿಂದ ಏಳರ ಮಧ್ಯೆ ಮಾತ್ರ ಬೇಡವೇ ಬೇಡ.

ಈಗ ಬೋಟು. ಚಾವೊ ಫ್ರಾಯಾ ಎಕ್ಸ್‌ಪ್ರೆಸ್ ಬೋಟುಗಳಿಗೆ ಬಣ್ಣಬಣ್ಣದ ಬಾವುಟ ಇರ್ತದೆ, ನಿಮಗೆ ಬೇಕಾದ್ದು ಕಿತ್ತಳೆ ಬಾವುಟ, ನಾವು ಹೋದಾಗ ಎಷ್ಟು ದೂರ ಹೋದ್ರೂ 16 ಬಾತ್. ಟೂರಿಸ್ಟ್ ಬೋಟ್ ಅಂತ ಬೇರೆ ಇದೆ, ಅದು ತುಟ್ಟಿ, ಟಿಕೆಟ್ ಕೌಂಟರಿನವರು ಮೊದಲು ಅದನ್ನೇ ತೋರಿಸ್ತಾರೆ. ಕಿತ್ತಳೆ ಬೋಟಲ್ಲಿ ಆಫೀಸಿಗೆ ಹೋಗೋರು, ಯುನಿಫಾರ್ಮ್ ಹಾಕಿದ ಮಕ್ಕಳು, ಕೇಸರಿ ಬಟ್ಟೆಯ ಭಿಕ್ಷುಗಳು ಎಲ್ಲ ಇರ್ತಾರೆ, ಕಂಡಕ್ಟರ್ ಒಂದು ಉದ್ದ ತಗಡಿನ ಡಬ್ಬಿಯಲ್ಲಿ ಚಿಲ್ಲರೆ ಝಣಝಣ ಮಾಡ್ತಾ ಬರ್ತಾಳೆ, ಹಿಂದೆ ನಿಂತವ ಸೀಟಿ ಊದಿಯೇ ಡ್ರೈವರಿಗೆ ಹಿಂದೆ ಮುಂದೆ ಹೇಳ್ತಾನೆ. ನಮ್ಮ ತದಡಿ ಬಾರ್ಜಿನ ಹಾಗೆ ನಿಧಾನ ನಿಂತು ಕಾಯೋದಿಲ್ಲ, ಧಕ್ಕೆಗೆ ತಾಗಿದ ಕ್ಷಣ ಹತ್ತಬೇಕು, ವಯಸ್ಸಾದವರಿದ್ರೆ ಮೊದಲೇ ಬಾಗಿಲ ಹತ್ತಿರ ಬಂದು ಕೈ ಹಿಡ್ಕೊಂಡು ನಿಲ್ಲಿ. ಮೊದಲ ದಿನ ಏನೂ ಪ್ಲಾನ್ ಇಲ್ಲದೆ ಒಂದು ಸಲ ಮೇಲಿನವರೆಗೆ ಹೋಗಿ ವಾಪಸ್ ಬನ್ನಿ, ಊರಿನ ನಕ್ಷೆ ತಲೆಯಲ್ಲಿ ಕೂತ್ಕೊಳ್ತದೆ.

ಎರಡನೇ ದಿನ ಬೆಳಿಗ್ಗೆಯೇ ತಾ ಚಾಂಗ್ ಧಕ್ಕೆಯಲ್ಲಿ ಇಳಿದು ಗ್ರ್ಯಾಂಡ್ ಪ್ಯಾಲೇಸ್. ಎಂಟೂವರೆಗೆ ಬಾಗಿಲು ತೆಗೀತಾರೆ, ಆಗಲೇ ಒಳಗೆ ಇರಿ, ಹತ್ತು ಗಂಟೆ ಮೇಲೆ ಕಾಲಿಡೋಕೆ ಜಾಗ ಇರೋದಿಲ್ಲ. ಟಿಕೆಟ್ 500 ಬಾತ್. ಭುಜ, ಮೊಣಕಾಲು ಮುಚ್ಚಿರಬೇಕು, ಬರ್ಮುಡಾ ಹಾಕಿದವರನ್ನ ಒಳಗೆ ಬಿಡೋದಿಲ್ಲ. ದಾರಿಯಲ್ಲಿ ಯಾರಾದ್ರೂ ಚಂದ ಮಾತಾಡಿ, ಇವತ್ತು ಪ್ಯಾಲೇಸ್ ಬಂದ್, ನನ್ನ ಪರಿಚಯದ ಟುಕ್‌ಟುಕ್‌ನಲ್ಲಿ ಬೇರೆ ದೇವಸ್ಥಾನ ತೋರಿಸ್ತೇನೆ ಅಂದ್ರೆ ನಿಲ್ಲಬೇಡಿ, ಅದು ಹರಳಿನ ಅಂಗಡಿಗೇ ಹೋಗಿ ಮುಟ್ಟೋದು.

1782ರಲ್ಲಿ ಒಂದನೇ ರಾಮ ಅನ್ನೋ ರಾಜ ಇಲ್ಲಿ ರಾಜಧಾನಿ ಕಟ್ಟಿದ. ಹಳೇ ರಾಜಧಾನಿ ಅಯುತ್ತಯಾ, ಅಂದ್ರೆ ಅಯೋಧ್ಯೆ, 1767ರಲ್ಲಿ ಬರ್ಮಾದವರ ದಾಳಿಯಲ್ಲಿ ಹಾಳಾಯ್ತು. ಎಲ್ಲರೂ ಪ್ಯಾಲೇಸ್ ಆವರಣದ ಗುಡಿಯಲ್ಲಿರೋ ಪಚ್ಚೆ ಬುದ್ಧನ್ನ ನೋಡಿ ಹಾಗೇ ಹೊರಗೆ ಬರ್ತಾರೆ, ನೀವು ಹಾಗೆ ಮಾಡ್ಬೇಡಿ. ಆ ಗುಡಿಯ ಸುತ್ತ ಪೌಳಿ ಇದೆ, ಅದರ ಗೋಡೆಯಲ್ಲಿ 178 ಚಿತ್ರಗಳಲ್ಲಿ ಪೂರ್ತಿ ರಾಮಾಯಣ ಇದೆ, ಅವರು ರಾಮಕಿಯೆನ್ ಅಂತಾರೆ. ನಮ್ಮ ದೊಡ್ಡಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳೋರು, ಗೈಡ್ ಬೇಡ ಅಂತ ಹೇಳಿ ಒಂದೊಂದೇ ಚಿತ್ರ ನೋಡ್ತಾ ಇದು ಇಂಥಾ ಪ್ರಸಂಗ, ಇದು ಇಂಥಾ ಪ್ರಸಂಗ ಅಂತ ಹೇಳ್ಕೊಂಡೇ ಹೋದ್ರು, ಎರಡು ತಾಸು ಹೋದದ್ದು ಯಾರಿಗೂ ಗೊತ್ತಾಗ್ಲಿಲ್ಲ. ರಾವಣ ಅಲ್ಲಿ ತೊಸಕನ್, ಅಂದ್ರೆ ದಶಕಂಠ, ಮೈ ಹಸಿರು. ಹನುಮಂತ ಬಿಳಿ, ಆದರೆ ಬ್ರಹ್ಮಚಾರಿ ಅಲ್ಲ, ರಾವಣನ ಮಗಳು ಒಬ್ಬ ಮತ್ಸ್ಯಕನ್ಯೆ, ಸುವಣ್ಣಮಚ್ಛಾ ಅಂತ, ಅವಳ ಜೊತೆ ಪ್ರೀತಿ ಆಗ್ತದೆ. ಅದನ್ನ ಕೇಳಿ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಊರಿಗೆ ಹೋಗಿ ಇದನ್ನ ಹೇಳ್ಬೇಕು ಅಂದ್ರು. ಬಾಗಿಲಲ್ಲಿ ಕೋರೆಹಲ್ಲು ಬಿಟ್ಟು ಗದೆ ಊರಿ ನಿಂತ ದೈತ್ಯರು ಇದ್ದಾರಲ್ಲ, ಅವರ ಹೆಸರು ಯಕ್, ನಮ್ಮ ಯಕ್ಷನೇ.

ಅದೇ ಟಿಕೆಟಲ್ಲಿ ಇನ್ನೊಂದು ಇದೆ, ಬಹಳ ಜನ ಗೊತ್ತಿಲ್ಲದೆ ಬಿಡ್ತಾರೆ. 1933ರಲ್ಲಿ ತೆರೆದ ಸಾಲಾ ಚಲೆರ್ಮ್‌ಕ್ರುಂಗ್ ಅನ್ನೋ ಹಳೇ ಥಿಯೇಟರಲ್ಲಿ ಖೋನ್ ಆಟ, ನಾವು ಹೋದಾಗ ಪ್ಯಾಲೇಸ್ ಟಿಕೆಟ್ ತೋರಿಸಿದ್ರೆ ಸಾಕಿತ್ತು, ಆಟದ ಹೊತ್ತು ಕೌಂಟರಲ್ಲೇ ಕೇಳ್ಕೊಳ್ಳಿ. ಖೋನ್ ಅಂದ್ರೆ ಮುಖವಾಡ ಹಾಕಿ ರಾಮಾಯಣ ಕುಣಿಯೋದು, 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಬೇರೆಯೇ ರುಚಿ: ಇಲ್ಲಿ ವೇಷಧಾರಿ ಒಂದು ಮಾತೂ ಆಡೋದಿಲ್ಲ, ಕಥೆ ಎಲ್ಲ ಹಿಂದೆ ಕೂತವರ ಬಾಯಲ್ಲಿ, ವೇಷದವನ ಅರ್ಥಗಾರಿಕೆ ಇರೋದು ಅವನ ಕೈ ಬೆರಳಲ್ಲಿ. ಮಂಗನ ವೇಷ ತುರಿಸಿಕೊಳ್ಳೋದು, ನೆಗೆಯೋದು ನೋಡಿ ಆಯಿ ನಕ್ಕಿದ್ದು ನಕ್ಕಿದ್ದೇ. ಅರ್ಧ ತಾಸೂ ಇಲ್ಲ, ಮುಗಿದಾಗ ಇಷ್ಟೇನಾ ಅನ್ನಿಸ್ತದೆ.

ಅಲ್ಲಿಂದ ವಾಟ್ ಫೊ (ವಾಟ್ ಅಂದ್ರೆ ದೇವಸ್ಥಾನ), ಪ್ಯಾಲೇಸಿನ ಪಕ್ಕದ್ದೇ, ಮಲಗಿದ ಬುದ್ಧ 46 ಮೀಟರ್ ಉದ್ದ. ಪಾದದ ಹತ್ತಿರ ಹೋಗಿ ನೋಡಿ, ಮುತ್ತಿನ ಚಿಪ್ಪಲ್ಲಿ 108 ಶುಭಚಿಹ್ನೆ ಕೂರಿಸಿದ್ದಾರೆ. ಗೋಡೆ ಬದಿಗೆ 108 ಕಂಚಿನ ಬೋಗುಣಿ ಸಾಲಾಗಿವೆ, ಚಿಲ್ಲರೆ ಕೊಂಡು ಒಂದೊಂದಕ್ಕೆ ಒಂದೊಂದು ಹಾಕ್ತಾ ಹೋದ್ರೆ ಆ ಸದ್ದೇ ಒಂದು ಜಪದ ಹಾಗೆ ಕೇಳ್ತದೆ. ಥಾಯ್ ಮಸಾಜ್ ಕಲಿಸೋ ಹೆಸರಾದ ಶಾಲೆ ಈ ಆವರಣದಲ್ಲೇ, ನಡೆದು ಸುಸ್ತಾದ ಕಾಲಿಗೆ ಇಲ್ಲೇ ಮಸಾಜ್ ಮಾಡಿಸಿ, ದೊಡ್ಡಪ್ಪನ ಮಂಡಿ ನೋವು ಎರಡು ದಿನ ಹತ್ತಿರ ಸುಳಿಲಿಲ್ಲ. ಸಂಜೆ ತಾ ತಿಯೆನ್ ಧಕ್ಕೆಯಿಂದ ಎದುರು ದಡದ ವಾಟ್ ಅರುಣ್‌ಗೆ ಸಣ್ಣ ಬೋಟ್ ಇದೆ, ಸೂರ್ಯನ ಸಾರಥಿ ಅರುಣನ ಹೆಸರು, ಗೋಪುರ ಪೂರ್ತಿ ಪಿಂಗಾಣಿ ಚೂರಿನ ಹೂವು. ನೋಡಿ ವಾಪಸ್ ಈ ಕಡೆ ಬಂದು ಕೂತ್ಕೊಳ್ಳಿ, ದೀಪ ಹಚ್ಚಿದ ಮೇಲೆ ನೀರಿನ ಆಚೆಯಿಂದ ಕಾಣೋದೇ ಚಂದ.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಜಾಸ್ತಿ, ಅದಕ್ಕೆ ಸರಿಯಾಗಿ ಹೇಳ್ತೇನೆ. ಥಾಯ್ ಭಾಷೆಯಲ್ಲಿ ಮಾಂಗ್ಸವಿರತ್ ಅಂದ್ರೆ ನಮ್ಮ ಮಾಂಸವಿರತಿಯೇ, ಕೇಳೋಕೆ ಖುಷಿ, ಆದರೆ ಅದನ್ನ ಹೇಳಿದ್ರೂ ಮೊಟ್ಟೆ ಬರ್ತದೆ, ಅಭ್ಯಾಸಬಲದಿಂದ ಮೀನಿನ ಸಾಸೂ ಬೀಳ್ತದೆ. ಹೇಳಬೇಕಾದ ಶಬ್ದ 'ಜೇ'. ಹಳದಿ ಬಾವುಟದ ಮೇಲೆ ಕೆಂಪಲ್ಲಿ ಬರೆದಿರ್ತಾರೆ, ದೂರದಿಂದ 17 ಅಂತ ಬರೆದ ಹಾಗೆ ಕಾಣ್ತದೆ, ಅದು ಕಂಡಲ್ಲಿ ಧೈರ್ಯವಾಗಿ ಕೂತ್ಕೊಳ್ಳಿ, ಮೀನು ಮೊಟ್ಟೆ ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಮನೆಯ ಹಿರಿಯರಿಗೆ ಬೇಕಾದ್ದೂ ಅದೇ ಅಲ್ವಾ. ಬೇರೆ ಕಡೆ 'ಮೈ ಸೈ ನಾಂ ಪ್ಲಾ' ಅಂದ್ರೆ ಮೀನಿನ ಸಾಸ್ ಹಾಕ್ಬೇಡಿ ಅಂತ, ಫೋನಲ್ಲಿ ಥಾಯ್ ಲಿಪಿಯಲ್ಲಿ ಬರೆದಿಟ್ಟು ತೋರಿಸಿದ್ರೆ ಇನ್ನೂ ಒಳ್ಳೇದು. ಪಪ್ಪಾಯಿ ಕಾಯಿಯ ಸೊಮ್ ತಾಮ್ ನೋಡೋಕೆ ಕೋಸಂಬರಿ, ಆದರೆ ಒಣ ಶೆಟ್ಲಿ (ಸಿಗಡಿ) ಕುಟ್ಟಿ ಹಾಕ್ತಾರೆ, ಮೊದಲೇ ಹೇಳಿ. ಅನ್ನ ಸಾರು ನೆನಪಾದ್ರೆ ಪಾಹುರಾತ್‌ಗೆ ಹೋಗಿ, ನಮ್ಮವರ ಬಟ್ಟೆ ಅಂಗಡಿಗಳ ಪೇಟೆ, ಅಲ್ಲಿಯ ದೊಡ್ಡ ಗುರುದ್ವಾರದಲ್ಲಿ ತಲೆಗೆ ಬಟ್ಟೆ ಕಟ್ಟಿ ಕೂತ್ರೆ ಯಾರಿಗಾದ್ರೂ ಊಟ ಬಡಿಸ್ತಾರೆ.

ಮೀನು ತಿನ್ನೋರಿಗೆ ಮಾತ್ರ ಆ ಊರು ಹಬ್ಬ. ರಾತ್ರಿ ಯಾವೊರಾತ್, ಅಂದ್ರೆ ಚೈನಾಟೌನ್, ರಸ್ತೆಯಲ್ಲೇ ಬೆಂಕಿ ಮೇಲೆ ಸುಡ್ತಾ ಇರ್ತಾರೆ. ಗೆಳೆಯನಿಗೆ ಹುಚ್ಚು ಹಿಡಿಸಿದ್ದು ಪ್ಲಾ ಥೂ, ಬಂಗಡೆಯ ಖಾಸಾ ದಾಯಾದಿ, ಕುತ್ತಿಗೆ ಬಗ್ಗಿಸಿ ಸಣ್ಣ ಬಿದಿರಿನ ಬುಟ್ಟಿಯಲ್ಲಿ ಎರಡು ಮೂರು ಜೋಡಿಸಿ ಬೇಯಿಸಿ ಮಾರ್ತಾರೆ. ಅದಕ್ಕೆ ಹೆಸರಾದ ಊರು ಮೇಕ್ಲಾಂಗ್, ರೈಲು ಹಳಿ ಮೇಲೇ ಸಂತೆ ಕೂರ್ತದೆ, ರೈಲು ಬಂದಾಗ ಕೊಡೆ ಮಡಚಿ ಬುಟ್ಟಿ ಹಿಂದೆ ಎಳ್ಕೊಳ್ತಾರೆ, ಹೋದ ಕೂಡ್ಲೇ ಮತ್ತೆ ಹರವ್ತಾರೆ. ವ್ಯಾನಲ್ಲಿ ಅರ್ಧ ದಿನದ ಕೆಲಸ, ರೈಲಿನ ಟೈಮ್ ಮೊದಲೇ ನೋಡ್ಕೊಂಡು ಹೋಗಿ, ಇಲ್ಲದಿದ್ರೆ ಬರೇ ಸಂತೆ ನೋಡಿ ಬರಬೇಕಾಗ್ತದೆ.

ಹಣ್ಣಿನ ಅಂಗಡಿ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಮ್ಯಾಂಗೋಸ್ಟೀನ್ ನಮ್ಮ ಮುರುಗಲು, ಉಪ್ಪಾಗೆ ಜಾತಿಯದ್ದೇ, ಎಲ್ಲವೂ ಗಾರ್ಸೀನಿಯಾ. ಮುರುಗಲಿನ ಹಾಗೆಯೇ ಸಿಪ್ಪೆ ಒತ್ತಿ ಒಡೆದ್ರೆ ಒಳಗೆ ಬೆಳ್ಳಗೆ ತೊಳೆ, ಹುಳಿ ಇಲ್ಲದ ಸಿಹಿ. ಆಯಿ ಸಿಪ್ಪೆ ಒಣಗಿಸಿ ಇಡ್ಬಹುದಿತ್ತು ಅಂದ್ಲು. ಮಾವಿನ ಹಣ್ಣಿಗೆ ಅಂಟು ಅನ್ನ, ಮೇಲೆ ಉಪ್ಪು ಬೆರೆಸಿದ ಕಾಯಿಹಾಲು, ಇದನ್ನ ತಿನ್ನದೆ ಬರಬೇಡಿ, ಹಣ್ಣು ಮಾತ್ರ ನಮ್ಮ ಅಂಕೋಲೆ ಕರಿ ಇಶಾಡಿನ ಮುಂದೆ ನಿಲ್ಲೋದಿಲ್ಲ, ಇದು ನನ್ನ ಖಚಿತ ಅಭಿಪ್ರಾಯ. ಡುರಿಯನ್ ಅಂಗಡಿಯಲ್ಲೇ ನಿಂತು ತಿಂದು ಮುಗಿಸಿ, ವಾಸನೆಗೆ ಹೆಚ್ಚಿನ ಹೋಟೆಲಲ್ಲಿ ಒಳಗೆ ಬಿಡೋದಿಲ್ಲ.

ಒಂದು ಬೆಳಗು ಬಾಂಗ್ ಕ್ರಾಚಾವ್‌ಗೆ ಇಡಿ. ಖ್ಲಾಂಗ್ ತೋಯಿ ಧಕ್ಕೆಯಿಂದ ಸಣ್ಣ ಬೋಟಲ್ಲಿ ನದಿ ದಾಟಿದ್ರೆ ಆಚೆ ದಡದಲ್ಲೇ ಸೈಕಲ್ ಬಾಡಿಗೆ ಸಿಗ್ತದೆ. ಹಿಂದೆ ಗಗನಚುಂಬಿ ಕಟ್ಟಡ, ಮುಂದೆ ತೆಂಗು, ಬಾಳೆ, ಕೆಸರು ನೀರಿನ ಕಾಲುವೆ, ಅಘನಾಶಿನಿ ಗಜನಿ ಬದಿಗೆ ಕಾಂಡ್ಲಾ ಗಿಡಗಳ ಮಧ್ಯೆ ಹೋದ ಹಾಗೇ. ದಾರಿ ಕಾಂಕ್ರೀಟಿನದ್ದು, ನೆಲದಿಂದ ಎತ್ತರಕ್ಕೆ, ಅಗಲ ಕಡಿಮೆ, ಕೆಲವು ಕಡೆ ಕಟಕಟೆ ಇಲ್ಲ, ಸೈಕಲ್ ಸರಿಯಾಗಿ ಬಾರದವರು ಇಳಿದು ತಳ್ಳಿ. ಶನಿವಾರ, ಭಾನುವಾರ ಆದ್ರೆ ಒಳಗೆ ಬಾಂಗ್ ನಾಮ್ ಫುಯೆಂಗ್ ಸಂತೆಯೂ ಇರ್ತದೆ.

ಚತುಚಕ್ ಸಂತೆ ಶನಿವಾರ, ಭಾನುವಾರ, ಸಾವಿರಾರು ಅಂಗಡಿ, ಬೆಳಿಗ್ಗೆ ಹೋಗಿ ಹನ್ನೆರಡಕ್ಕೆ ಹೊರಗೆ ಬನ್ನಿ. ಸೇನ್ ಸೇಪ್ ಕಾಲುವೆ ಬೋಟಲ್ಲಿ ನಾಲ್ಕು ಸ್ಟಾಪಾದ್ರೂ ಹೋಗಿ, ನೀರು ಹಾರಿದಾಗ ಪ್ರಯಾಣಿಕರೇ ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸ್ತಾರೆ, ಮಕ್ಕಳಿಗೆ ಇದಕ್ಕಿಂತ ಬೇರೆ ಆಟ ಬೇಡ. ಬೆಳಿಗ್ಗೆ ಎಂಟು, ಸಂಜೆ ಆರಕ್ಕೆ ಸ್ಟೇಶನ್, ಪಾರ್ಕಲ್ಲಿ ರಾಷ್ಟ್ರಗೀತೆ ಬರ್ತದೆ, ಎಲ್ಲರೂ ನಿಂತ ಹಾಗೆ ನೀವೂ ನಿಂತ್ಕೊಳ್ಳಿ. ರಾಜಮನೆತನದ ಬಗ್ಗೆ ಹಗುರ ಮಾತು ಬೇಡ, ಕಾನೂನು ಬಿಗಿ. ಬುದ್ಧನ ಕಡೆ ಕಾಲು ಚಾಚಬೇಡಿ, ಇ-ಸಿಗರೇಟ್ ಬ್ಯಾಗಲ್ಲಿ ಇಟ್ಕೊಂಡು ಹೋಗ್ಲೇಬೇಡಿ, ಅಲ್ಲಿ ಅದು ನಿಷೇಧ.

ವಾಪಸ್ ಬರೋ ದಿನ ಏರ್‌ಪೋರ್ಟಿಗೆ ಹೊರಡಬೇಕಾದ ಹೊತ್ತಿಗಿಂತ ಒಂದು ತಾಸು ಮುಂಚೆಯೇ ಹೊರಡಿ. ಇಮಿಗ್ರೇಶನ್ ದಾಟಿದ ಮೇಲೆ ಡ್ಯೂಟಿ ಫ್ರೀ ಅಂಗಡಿಗಳ ಮಧ್ಯೆ ದೊಡ್ಡದಾಗಿ ಸಮುದ್ರಮಥನ ನಿಲ್ಸಿದ್ದಾರೆ, ವಾಸುಕಿಯ ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು, ಕೆಳಗೆ ಕೂರ್ಮ, ಮೇಲೆ ವಿಷ್ಣು. ಎಲ್ಲರೂ ಸೂಟ್‌ಕೇಸ್ ಎಳ್ಕೊಂಡು ಅದರ ಪಕ್ಕದಲ್ಲೇ ಓಡ್ತಾರೆ. ನಾವು ದೊಡ್ಡಪ್ಪನ್ನ ಅಲ್ಲಿಂದ ಎಬ್ಬಿಸೋ ಹೊತ್ತಿಗೆ ಗೇಟಲ್ಲಿ ಬೋರ್ಡಿಂಗ್ ಶುರುವಾಗಿತ್ತು.