ಸೀಡಿಗೆ ಬೀಗ ಹಾಕಬೇಡಿ, ಗುರುತು ಹಾಕಿ

ಗುರುಪೂರ್ಣಿಮೆ ಹತ್ತಿರ ಬಂತೆಂದರೆ ಚಿಂತಾಮಣಿ ಸುತ್ತಿನ ಯಾವುದಾದರೂ ಭಜನೆ ತಂಡದವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಹಳೆಯ ಕಾಲದ ಸಂತ ಕೈವಾರ ತಾತಯ್ಯನವರ ತತ್ವಪದಗಳನ್ನು ಹಾಡಿ ರೆಕಾರ್ಡ್ ಮಾಡಿಸಿರುತ್ತಾರೆ. ಪ್ರಶ್ನೆ ಒಂದೇ: "ಸಾರ್, ಇದನ್ನ ಯಾರೂ ಕಾಪಿ ಹೊಡೀದಂಗೆ ಲಾಕ್ ಮಾಡೋಕಾಗುತ್ತಾ?"

ಆಗಲ್ಲ. ನಮ್ಮ ತಂಡವೇ ಒಮ್ಮೆ ಆರು ಸಾವಿರ ಕೊಟ್ಟು 'ಲಾಕ್' ಹಾಕಿಸಿತ್ತು. ಬಿಡುಗಡೆ ದಿನ ಅತಿಥಿಗಳ ಕಾರಿನಲ್ಲೇ ಸೀಡಿ ಓಡಲಿಲ್ಲ. ವಾರ ಕಳೆಯುವಷ್ಟರಲ್ಲಿ ಅದೇ ಹಾಡುಗಳು ಮೊಬೈಲ್ ಅಂಗಡಿಯಲ್ಲಿ, ಮೆಮೊರಿ ಕಾರ್ಡಿಗೆ ತುಂಬಿಸಲು ಇಪ್ಪತ್ತು ರೂಪಾಯಿ.

ಆಡಿಯೋ ಸೀಡಿ ಮಾರುಕಟ್ಟೆಗೆ ಬಂದಿದ್ದು 1982ರಲ್ಲಿ. ಮನೆಯಲ್ಲೇ ಸೀಡಿ ಬರೆಯುವ ಕಾಲ ಬರುತ್ತದೆ ಅಂತ ಯೋಚಿಸಿ ಅದನ್ನು ಮಾಡಿರಲಿಲ್ಲ. ಸೆಕೆಂಡಿಗೆ 44,100 ಸಲ ಅಳೆದ ಸದ್ದಿನ ಅಂಕಿಗಳು ಬಟಾಬಯಲಲ್ಲಿ ಬಿದ್ದಿರುತ್ತವೆ. ಆಮೇಲೆ ದೊಡ್ಡ ಕಂಪನಿಗಳು ಬೀಗ ತುರುಕಲು ನೋಡಿದವು. ಕಂಪ್ಯೂಟರನ್ನು ದಾರಿ ತಪ್ಪಿಸುವ ಸುಳ್ಳು ಮಾಹಿತಿಯ ಟ್ರ್ಯಾಕನ್ನು ಸೀಡಿಯ ಹೊರ ಅಂಚಿನಲ್ಲಿ ಬರೆದರು. 2002ರಲ್ಲಿ ಜನ ಆ ಅಂಚಿಗೆ ಮಾರ್ಕರ್ ಪೆನ್ ಬಳಿದು ಬೀಗ ತೆಗೆದರು. ಮರುವರ್ಷದ ಇನ್ನೊಂದು ಬೀಗ, ಸೀಡಿ ಹಾಕುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ಏಳುತ್ತಲೇ ಇರಲಿಲ್ಲ. 2005ರಲ್ಲಿ ಸೋನಿ ಬಿಎಂಜಿಯ ಸೀಡಿಗಳು ವಿಂಡೋಸ್ ಒಳಗೆ ಬಚ್ಚಿಟ್ಟುಕೊಳ್ಳುವ ಸಾಫ್ಟ್‌ವೇರ್ ಇಳಿಸುವುದು ಬಯಲಾಯಿತು. ಅದರ ಮರೆಯಲ್ಲಿ ವೈರಸ್ಸುಗಳೂ ಅಡಗತೊಡಗಿ, ಕಂಪನಿ ಸೀಡಿಗಳನ್ನೇ ವಾಪಸ್ ಕರೆಸಿತು. ಅವರ ಕೈಲೇ ಆಗದ್ದು ಪೇಟೆ ಬೀದಿಯ ಕಂಪ್ಯೂಟರ್ ಅಂಗಡಿಯಲ್ಲಿ ಆಗುತ್ತಾ?

ಹಾಗಾಗಿ ಬೀಗ ಮರೆತುಬಿಡಿ. ಮಾಡಬೇಕಾದ್ದು ಬೇರೆ.

ಮೊದಲು, ನಿಮ್ಮದು ಯಾವುದು ಅಂತ ತಿಳಿದುಕೊಳ್ಳಿ. ತಾತಯ್ಯನವರ ಪದಗಳು ಎಲ್ಲರವು. ಪಕ್ಕದೂರಿನವರು ಅವನ್ನೇ ಹಾಡಿದರೆ ತಡೆಯುವಂತಿಲ್ಲ. ನಿಮ್ಮದು ನೀವು ಮಾಡಿಸಿದ ರೆಕಾರ್ಡಿಂಗ್ ಮಾತ್ರ. ಅದರ ಹಕ್ಕು ಬಿಡುಗಡೆಯ ನಂತರ 60 ವರ್ಷ. ಆದರೆ ಮಾಡಿಸಿದವರು ಯಾರು, ತಂಡವೋ ಸ್ಟುಡಿಯೋದವರೋ? ಒಂದು ಹಾಳೆಯಲ್ಲಿ ಬರೆದು ಹಾಡಿದವರು, ತಬಲದವರು, ಸ್ಟುಡಿಯೋದವರು ಎಲ್ಲರ ಸಹಿ ಹಾಕಿಸಿ. ನಾಚಿಕೆ ಬೇಡ.

ಇನ್ನು ಎಲ್ಲರೂ ಎಡವುವ ಜಾಗ. ನಾನು ಕಂಡಂತೆ ಹಾಡು ಸೋರುವುದು ಸೀಡಿ ಮಾರಾಟವಾದ ಮೇಲಲ್ಲ, ಅದಕ್ಕೂ ಮೊದಲು. ಮಿಕ್ಸಿಂಗ್ ಮುಗಿದ ದಿನವೇ ಹಾಡಿದವರಿಗೊಂದು, ದುಡ್ಡು ಕೊಟ್ಟವರಿಗೊಂದು, ಕವರ್ ಮಾಡುವ ಹುಡುಗನಿಗೊಂದು ಪೆನ್ ಡ್ರೈವ್ ಹೋಗುತ್ತದೆ. ಎಲ್ಲರಿಗೂ ಒಂದೇ ಫೈಲ್. ಆಮೇಲೆ ಯಾರನ್ನು ಕೇಳುತ್ತೀರಿ? ಪ್ರತಿಯೊಬ್ಬರ ಕಾಪಿಯೂ ಒಂಚೂರು ಬೇರೆ ಇರಬೇಕು.

ಪುಕ್ಕಟೆ ಸಿಗುವ, ಸದ್ದು ತಿದ್ದುವ ಆಡಾಸಿಟಿ ಸಾಫ್ಟ್‌ವೇರ್ ಸಾಕು. ಹಾಡು ತೆರೆಯಿರಿ. ತಾಳ ಶುರುವಾಗುವ ಮೊದಲು, ಆಲಾಪ ನಿಂತು ಬರೀ ಶ್ರುತಿ ಕೇಳುವ ಜಾಗ ಹುಡುಕಿ. ಅಲ್ಲಿ ಮೌನ ತುಂಬಿಸಬೇಡಿ. ಶ್ರುತಿ ಕಡಿದುಹೋಗಿ ಯಾರಿಗಾದರೂ ಗೊತ್ತಾಗುತ್ತದೆ. ಶ್ರುತಿಯದೇ 0.2 ಸೆಕೆಂಡ್ ತುಂಡನ್ನು ಆಯ್ದು, ಝಡ್ ಕೀ ಒತ್ತಿ. ತುಂಡಿನ ಅಂಚುಗಳು ಅಲೆ ಸೊನ್ನೆ ಗೆರೆ ದಾಟುವ ಕಡೆಗೆ ಸರಿಯುತ್ತವೆ. ಈಗ ಕಾಪಿ ಮಾಡಿ ಪಕ್ಕದಲ್ಲೇ ಅಂಟಿಸಿದರೆ 'ಟಕ್' ಅನ್ನುವ ಸದ್ದು ಬರುವುದಿಲ್ಲ. ಮೊದಲನೆಯವರ ಕಾಪಿಗೆ 0.2 ಸೆಕೆಂಡ್ ಹೆಚ್ಚು, ಎರಡನೆಯವರಿಗೆ 0.4, ಮೂರನೆಯವರಿಗೆ 0.6. ಯಾರಿಗೆ ಎಷ್ಟು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಾಳದ ಮಧ್ಯೆ ಮಾತ್ರ ಈ ಕೆಲಸ ಮಾಡಬೇಡಿ. ನಮ್ಮ ತಬಲ ಮಾಸ್ತರರು ಅರ್ಧ ಮಾತ್ರೆ ಹೆಚ್ಚಾಯಿತು ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದರು.

ಹಾಡು ಸೋರಿದಾಗ ಆ ಫೈಲನ್ನು ಆಡಾಸಿಟಿಯಲ್ಲಿ ಮೂಲದ ಕೆಳಗೆ ಇಟ್ಟು ನೋಡಿ. ಫೈಲಿನ ಆರಂಭದಿಂದ ಅಳೆಯಬೇಡಿ. ಎಂಪಿ3 ಮಾಡುವಾಗ ಶುರುವಿನಲ್ಲಿ ಒಂಚೂರು ಖಾಲಿ ಜಾಗ ಸೇರಿಕೊಳ್ಳುತ್ತದೆ. ಆಲಾಪದ ಕೊನೆಯ ಸ್ವರದಿಂದ ತಬಲದ ಮೊದಲ ಪೆಟ್ಟಿನವರೆಗೆ ಅಳೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದರೂ ಈ ಗುರುತು ಉಳಿಯುತ್ತದೆ. ಫೈಲ್ ಹೆಸರು, ಫೈಲಿನೊಳಗೆ ಬರೆದ ವಿವರ (ಟ್ಯಾಗ್) ನಂಬಬೇಡಿ. ಪ್ರತಿ ಹಾಡಿನ ರೆಕಾರ್ಡಿಂಗನ್ನು ಗುರುತಿಸುವ, 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ ಆನ್‌ಲೈನ್‌ಗೆ ಹಾಕುವಾಗ ಬೇಕು, ತೆಗೆದುಕೊಳ್ಳಿ. ಆದರೆ ಸೀಡಿಯಲ್ಲಿ ಅದು ಹಾಡಿನ ಜೊತೆಗಲ್ಲ, ಪಕ್ಕದ ಓಣಿಯಲ್ಲಿ ಇರುತ್ತದೆ. ಎಂಪಿ3 ಮಾಡಿದರೆ ಸಾಮಾನ್ಯವಾಗಿ ಮಾಯ.

ಹಾಡಿನ ನಡುವೆ ತಂಡದ ಹೆಸರು ಕೂಗಿಸುವವರೂ ಇದ್ದಾರೆ. ಕೇಳಿ ನೋಡಲು ಕೊಡುವ ಕಾಪಿಗೆ ಸರಿ. ಮಾರುವ ಸೀಡಿಗೆ ದಯವಿಟ್ಟು ಬೇಡ.

ಕವರ್ ಅಂದರೆ ಬರೀ ಫೋಟೋ ಅಲ್ಲ. ಕೃತಿಸ್ವಾಮ್ಯ ಕಾಯ್ದೆಯ 52ಎ ಕಲಂ ಪ್ರಕಾರ ರೆಕಾರ್ಡಿಂಗ್ ಮಾಡಿಸಿದವರ ಹೆಸರು-ವಿಳಾಸ, ಹಕ್ಕುದಾರರ ಹೆಸರು-ವಿಳಾಸ, ಮೊದಲು ಪ್ರಕಟವಾದ ವರ್ಷ, ಈ ಮೂರು ಸೀಡಿಯ ಮೇಲೂ ಇರಬೇಕು, ಡಬ್ಬಿಯ ಮೇಲೂ ಇರಬೇಕು. ಇಲ್ಲದಿದ್ದರೆ ಕಳ್ಳನಿಗಿಂತ ಮೊದಲು ನಾವೇ ತಪ್ಪಿತಸ್ಥರು. ಅದಕ್ಕೂ ಮೂರು ವರ್ಷದವರೆಗೆ ಜೈಲು ಇದೆ. ಹೊಳೆಯುವ ಹಾಲೊಗ್ರಾಮ್ ಸ್ಟಿಕರ್ ಮಾತ್ರ ಸುಮ್ನೆ ದಂಡ. ಮೆಮೊರಿ ಕಾರ್ಡಿಗೆ ತುಂಬಿಸುವವನಿಗೆ ಸ್ಟಿಕರ್ ಯಾಕೆ ಬೇಕು?

ಕೃತಿಸ್ವಾಮ್ಯದ ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿ. ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ.

ಕದ್ದ ಹಾಡು ಮಾರುವ ಅಂಗಡಿ ಸಿಕ್ಕರೆ ಜಗಳ ಆಡಬೇಡಿ. ನೀವೂ ಒಂದು ಕಾರ್ಡ್ ತುಂಬಿಸಿಕೊಳ್ಳಿ, ಬಿಲ್ ಕೇಳಿ, ಠಾಣೆಗೆ ಹೋಗಿ. ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ನಾವು ಗೂಂಡಾ ಕಾಯ್ದೆ ಅನ್ನುವ ಕರ್ನಾಟಕದ ಕಾಯ್ದೆಯ ಉದ್ದನೆಯ ಹೆಸರಿನಲ್ಲೇ ಆಡಿಯೋ ಪೈರಸಿ ಮಾಡುವವರೂ ಇದ್ದಾರೆ. ಇದನ್ನು ಹೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಅಲ್ಲೇ ಡಿಲೀಟ್ ಮಾಡುತ್ತಾರೆ. ಅದಕ್ಕೇ ಮೊದಲು ಬಿಲ್, ಆಮೇಲೆ ಮಾತು.

ನೋಟ್‌ಬುಕ್ಕಿನಲ್ಲಿ ನಿಮ್ಮ ಹೆಸರನ್ನೂ ಬರೆಯಿರಿ. ಹೋದ ಸಲ ಸೋರಿದ ಫೈಲ್ ಅಳೆದಾಗ 0.6 ಬಂತು. ಪುಟ ತಿರುಗಿಸಿ ನೋಡಿದರೆ ನನ್ನದೇ ಕಾಪಿ. ಪೆನ್ ಡ್ರೈವನ್ನು ಕಾರಿನಲ್ಲೇ ಬಿಟ್ಟು ಸರ್ವಿಸ್‌ಗೆ ಕೊಟ್ಟಿದ್ದೆ.