ಕುರುಪಿರನ ಹೆಜ್ಜೆ, ಮನಿಯ ಮನೆ: ಬ್ರೆಜಿಲಿನ ಕಥೆಗಳಿಗೆ ಚಿತ್ರ ಬರೆಯುವ ಬಗೆ

ಗದಗ, ಹಾವೇರಿ ಭಾಗದ ಶಾಲಾಮಕ್ಕಳಿಗಾಗಿ ಬ್ರೆಜಿಲಿನ ಜನಪದ ಕಥೆಗಳ ಚಿತ್ರಪುಸ್ತಕವನ್ನು ಸಿದ್ಧಪಡಿಸುವವರು ಕುರುಪಿರನಿಂದ ಆರಂಭಿಸುವುದು ಒಳಿತು. ಕಾಡನ್ನು ಕಾಯುವ, ಪಾದಗಳು ಹಿಂದುಮುಂದಾಗಿರುವ ಈ ಜೀವಿಯನ್ನು ಪಾದ್ರಿ ಜೋಸೆ ದೆ ಅಂಶಿಯೆಟಾ 1560ರಲ್ಲಿಯೇ ತಮ್ಮ ಪತ್ರದಲ್ಲಿ ಉಲ್ಲೇಖಿಸಿದ್ದರು. ನಮ್ಮಲ್ಲಿ ತಿರುಗಿದ ಪಾದವೆಂದರೆ ದೆವ್ವವೆಂಬ ನಂಬಿಕೆ ಇರುವುದರಿಂದ ಮಕ್ಕಳು ಹೆದರಬಹುದು. ಆದ್ದರಿಂದ ಮೊದಲ ಪುಟಗಳಲ್ಲಿ ಮುಖವನ್ನು ತೋರಿಸದೆ ಹೆಜ್ಜೆಗಳನ್ನಷ್ಟೇ ಬಿಡಿಸಿರಿ. ಮಳೆ ಬಿದ್ದ ಎರೆಹೊಲದಲ್ಲಿ ಹೆಜ್ಜೆ ಎಷ್ಟು ಆಳವಾಗಿ ಮೂಡುತ್ತದೆಂಬುದು ಈ ಮಕ್ಕಳಿಗೆ ಗೊತ್ತಿದೆ. ಬೇಟೆಗಾರನು ಆ ಗುರುತು ಹಿಡಿದು ನಡೆದಷ್ಟೂ ಕುರುಪಿರನಿಂದ ದೂರವಾಗುತ್ತಾನೆಂಬುದನ್ನು, ಒಂದು ಅಕ್ಷರವೂ ಇಲ್ಲದೆ, ಎದುರುಬದುರಿನ ಎರಡು ಪುಟಗಳ ಚಿತ್ರವೇ ಹೇಳಲಿ.

ಮರಗೆಣಸಿನ ಹುಟ್ಟಿನ ಕಥೆ ನನಗೆ ಇನ್ನೂ ಪ್ರಿಯವಾದುದು. ಬ್ರೆಜಿಲಿನ ಮೂಲನಿವಾಸಿಗಳಾದ ತುಪಿ ಜನರ ಈ ಕಥೆಯಲ್ಲಿ ಮನಿ ಎಂಬ ಪುಟ್ಟ ಹುಡುಗಿ ತೀರಿಕೊಂಡಾಗ ಅವಳನ್ನು ಗುಡಿಸಲಿನೊಳಗೇ ಹೂಳುತ್ತಾರೆ, ಅಲ್ಲಿಂದ ಬಿಳಿಯ ತಿರುಳಿನ ಗೆಡ್ಡೆಯ ಗಿಡ ಹುಟ್ಟುತ್ತದೆ. ‘ಮಂದಿಯೋಕಾ’ ಎಂಬ ಹೆಸರನ್ನು ಕಥೆಯು ‘ಮನಿಯ ಮನೆ’ ಎಂದು ಬಿಡಿಸುತ್ತದೆ. ಮನೆಯನ್ನೇ ‘ಮನಿ’ ಎನ್ನುವ ಧಾರವಾಡದ ಮಗುವಿಗೆ ಇದನ್ನು ಓದಿ ಹೇಳುವಾಗ ಅಲ್ಲಿ ಒಂದು ಕ್ಷಣ ನಿಲ್ಲಿರಿ. ಸಾವಿನ ಪುಟವನ್ನು ಕೈಬಿಡಬೇಡಿ, ಮಣ್ಣಿನ ಬಣ್ಣಗಳಲ್ಲಿ ಮೃದುವಾಗಿ ಬರೆಯಿರಿ.

ಒಂಟಿಕಾಲಿನ, ಕೆಂಪು ಟೊಪ್ಪಿಗೆಯ ‘ಸಸಿ’ ಎಂಬ ತುಂಟ ಜೀವಿಗೆ ಸುಂಟರಗಾಳಿಯ ಒಂದು ಚಿತ್ರ ಸಾಕು.

ನಾಲ್ಕು ಎ4 ಹಾಳೆಗಳನ್ನು ನಡುವೆ ಮಡಚಿ ದಾರದಿಂದ ಹೊಲಿದರೆ 16 ಪುಟಗಳಾಗುತ್ತವೆ. ಒಳಪುಟದಲ್ಲಿ, ಕಥೆ ಯಾವ ಜನರದೆಂಬುದನ್ನು ತಪ್ಪದೆ ಹೆಸರಿಸಿ ಬರೆಯಿರಿ.